ಕ್ರೂಸ್ ಹಡಗಿನ ಹಳೆಯ ಪ್ರಯಾಣಿಕರಿಗೆ ಸಲ್ಲಬೇಕಾದದ್ದು ಏನು?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಹಲವು ವರ್ಷಗಳಿಂದ ರಜೆಗೆ ಕ್ರೂಸ್ ಹಡಗಿನಲ್ಲೇ ಹೋಗುವುದು ನಮ್ಮ ರೂಢಿ. ಹಡಗಿನಲ್ಲಿ ಕಳೆದ ರಾತ್ರಿಗಳನ್ನು ಎಣಿಸಿ ನಮಗೆ ದರ್ಜೆಯನ್ನೂ ಅದಕ್ಕೆ ತಕ್ಕ ಸವಲತ್ತುಗಳನ್ನೂ ಕೊಡುತ್ತಿದ್ದರು. ಈಗ ರಾತ್ರಿಗಳ ಬದಲು ಖರ್ಚನ್ನು ಎಣಿಸುವ ಮಾತು ಕೇಳಿಬರುತ್ತಿದೆ. ಇದು ನ್ಯಾಯವೇ? ಹಳೆಯ ಪ್ರಯಾಣಿಕರಿಗೆ ಕಂಪನಿಗಳು ನಿಜವಾಗಿ ಏನು ಕೊಡಬೇಕು?

ಉತ್ತರ: ನನ್ನ ಮಟ್ಟಿಗೆ ಇದು ನ್ಯಾಯವಲ್ಲ. ದರ್ಜೆಯನ್ನು ರಾತ್ರಿಗಳೇ ತೀರ್ಮಾನಿಸಬೇಕು, ಗಳಿಸಿದ ದರ್ಜೆ ಕೊನೆಯವರೆಗೆ ಉಳಿಯಬೇಕು. ಹೆಚ್ಚು ಖರ್ಚು ಮಾಡುವವರಿಗೂ ಏನಾದರೂ ಕೊಡಲಿ, ಅದರ ಲೆಕ್ಕ ಬೇರೆ ಇರಲಿ. ಆದರೆ ಕಂಪನಿಗಳ ವಾದದಲ್ಲೂ ಹುರುಳಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ರಾತ್ರಿಗಳನ್ನು ಎಣಿಸುವ ಪದ್ಧತಿಗೆ ರಾಯಲ್ ಕೆರಿಬಿಯನ್ ಕಂಪನಿಯ ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿ ಎಂಬ ಸದಸ್ಯತ್ವ ಯೋಜನೆ ಒಳ್ಳೆಯ ಮಾದರಿ. ಅಲ್ಲಿ ಒಂದು ರಾತ್ರಿಗೆ ಒಂದು ಪಾಯಿಂಟ್, ಸೂಟ್ ಕೋಣೆಯಾದರೆ ಎರಡು. ಇಬ್ಬರ ಬಾಡಿಗೆ ತೆತ್ತು ಒಂಟಿಯಾಗಿ ಹೋಗುವವರಿಗೂ ಎರಡು ಪಾಯಿಂಟ್ ಸಿಗುತ್ತದೆ. 30 ಪಾಯಿಂಟ್‌ಗೆ ಪ್ಲಾಟಿನಂ, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ವರ್ಷಕ್ಕೊಮ್ಮೆ ಸಾಮಾನ್ಯ ಕೋಣೆಯಲ್ಲಿ ಏಳು ರಾತ್ರಿ ಪ್ರಯಾಣಿಸುವ ದಂಪತಿ ಡೈಮಂಡ್ ಮುಟ್ಟುವುದು ಹನ್ನೆರಡನೆಯ ವರ್ಷದಲ್ಲಿ. ಅದೇ ನಡೆಯಲ್ಲಿ ಪಿನಾಕಲ್ ತಲುಪಲು ನೂರು ವರ್ಷ ಬೇಕು! ಏಣಿ ಉದ್ದವೇ ಆದರೂ ಹತ್ತಿದ ಮೆಟ್ಟಿಲು ಕೈಬಿಡುವುದಿಲ್ಲ. ಒಂದೆರಡು ವರ್ಷ ಹೋಗಲಾಗದಿದ್ದರೆ ಯಾರೂ ಕೆಳಗಿಳಿಸುವುದಿಲ್ಲ.

ಇದಕ್ಕೆ ಎದುರಾದ ಪದ್ಧತಿಯನ್ನು ಕಾರ್ನಿವಲ್ ಎಂಬ ಕ್ರೂಸ್ ಕಂಪನಿ 2025ರ ಜೂನ್‌ನಲ್ಲಿ ಪ್ರಕಟಿಸಿತು. ಆಗ ಹೇಳಿದ ಲೆಕ್ಕದ ಪ್ರಕಾರ ಒಂದು ಡಾಲರ್ ಖರ್ಚಿಗೆ ನಕ್ಷತ್ರ ಎಂಬ ಮೂರು ಪಾಯಿಂಟ್, ಡೈಮಂಡ್ ದರ್ಜೆಗೆ ಒಂದು ಲಕ್ಷ ನಕ್ಷತ್ರ. ಅಂದರೆ ಎರಡು ವರ್ಷದ ಅವಧಿಯಲ್ಲಿ ಸುಮಾರು 33,000 ಡಾಲರ್ ಖರ್ಚಾಗಬೇಕು, ಮುಂದಿನ ಅವಧಿಗೆ ದರ್ಜೆ ಉಳಿಯಬೇಕೆಂದರೆ ಮತ್ತೆ ಮೊದಲಿನಿಂದ ಶುರು. ಹಳೆಯ ಯೋಜನೆಯಲ್ಲಿ 200 ರಾತ್ರಿ ಕಳೆದವರಿಗೆ ಇದೇ ಡೈಮಂಡ್ ಸಿಗುತ್ತಿತ್ತು. ಹಳಬರು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ.

ಕಂಪನಿಗಳು ವಿಮಾನಯಾನದ ಕಡೆ ಬೆರಳು ತೋರಿಸುತ್ತವೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಪದೇ ಪದೇ ಹಾರುವವರಿಗಾಗಿ ತನ್ನ ಯೋಜನೆಯನ್ನು ಆರಂಭಿಸಿದಾಗ ಎಣಿಸುತ್ತಿದ್ದದ್ದು ಹಾರಿದ ಮೈಲಿಗಳನ್ನು. ಇನ್ನೊಂದು ವಿಮಾನ ಕಂಪನಿ ಡೆಲ್ಟಾ 2015ರಿಂದ ಮೈಲಿ ಎಂಬ ಪಾಯಿಂಟ್‌ಗಳನ್ನು ಟಿಕೆಟ್ ಬೆಲೆಯ ಆಧಾರದ ಮೇಲೆ ಕೊಡತೊಡಗಿತು. 2023ರಲ್ಲಿ ದರ್ಜೆಯನ್ನೂ ಪೂರ್ತಿ ಖರ್ಚಿಗೆ ಕಟ್ಟಿಹಾಕಲು ಹೊರಟಾಗ ಎಷ್ಟು ವಿರೋಧ ಬಂತೆಂದರೆ, ತಾವು ಅತಿಯಾಗಿ ಹೋದೆವೆಂದು ಅದರ ಮುಖ್ಯಸ್ಥ ಎಡ್ ಬಾಸ್ಟಿಯನ್ ಅವರೇ ಒಪ್ಪಿಕೊಂಡು ನಿಯಮಗಳನ್ನು ಸಡಿಲಿಸಬೇಕಾಯಿತು. ಅದಿರಲಿ, ಈ ಹೋಲಿಕೆಯೇ ಹಡಗಿಗೆ ಹೊಂದುವುದಿಲ್ಲ. ಪದೇ ಪದೇ ವಿಮಾನ ಹತ್ತುವವರಲ್ಲಿ ಬಹಳಷ್ಟು ಮಂದಿಯ ಟಿಕೆಟ್‌ಗೆ ಹಣ ಕೊಡುವುದು ಅವರ ಕಚೇರಿ. ಕ್ರೂಸ್ ಪ್ರಯಾಣಿಕ ತೆರುವ ಪ್ರತಿ ಡಾಲರ್ ಅವನ ಮನೆಯ ಉಳಿತಾಯದಿಂದ ಬಂದದ್ದು. ವರ್ಷಪೂರ್ತಿ ಕೂಡಿಟ್ಟು ಒಂದು ವಾರ ಹಡಗಿನಲ್ಲಿ ಕಳೆಯುವ ಶಿಕ್ಷಕಿಯೂ ಒಂದೇ ಸಂಜೆ ಸ್ಪಾದಲ್ಲಿ ಸಾವಿರ ಡಾಲರ್ ಸುರಿಯುವವರೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದವರಲ್ಲ.

ಹಣದ ಅಳತೆಗೋಲಿನಲ್ಲಿ ಇನ್ನೊಂದು ದೋಷವಿದೆ. ಅದೇ ಹಡಗು, ಅದೇ ಕೋಣೆ, ಅದೇ ಬಂದರುಗಳು. ಕ್ರಿಸ್‌ಮಸ್ ವಾರದಲ್ಲಿ ಒಂದು ಬೆಲೆ, ಚಂಡಮಾರುತದ ಕಾಲವಾದ ಸೆಪ್ಟೆಂಬರ್‌ನಲ್ಲಿ ಬೇರೆ ಬೆಲೆ. ಶಾಲೆಗೆ ಹೋಗುವ ಮಕ್ಕಳಿರುವವರು ವಿಧಿಯಿಲ್ಲದೆ ದುಬಾರಿ ವಾರವನ್ನೇ ಆರಿಸಿಕೊಳ್ಳುತ್ತಾರೆ. ಅವರ ಖಾತೆಯಲ್ಲಿ ನಕ್ಷತ್ರಗಳು ಹೆಚ್ಚು ಬೀಳುವುದು ಅವರ ನಿಷ್ಠೆಯಿಂದಲ್ಲ, ಶಾಲೆಯ ಕ್ಯಾಲೆಂಡರ್‌ನಿಂದ.

ಈಗ ಕಂಪನಿಗಳ ನಿಜವಾದ ತೊಂದರೆಗೆ ಬರುತ್ತೇನೆ, ಚರ್ಚೆಯಾಗಬೇಕಾದದ್ದು ಇದೇ. ರಾತ್ರಿಗಳು ಕೂಡುತ್ತಾ ಹೋಗುತ್ತವೆಯೇ ಹೊರತು ಕಳೆಯುವುದಿಲ್ಲ. ಹಾಗಾಗಿ ಮೇಲಿನ ದರ್ಜೆಯಲ್ಲಿ ಜನ ತುಂಬುತ್ತಲೇ ಇರುತ್ತಾರೆ. ಎಲ್ಲರಿಗೂ ಮೊದಲ ಸಾಲು ಕೊಟ್ಟ ಮೇಲೆ ಮೊದಲ ಸಾಲು ಎಂಬುದೇ ಉಳಿಯುವುದಿಲ್ಲ. ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬಂದು ನಿಲ್ಲುವುದಿಲ್ಲ. ಅಲ್ಲಿ ಟೆಂಡರ್ ಎನ್ನುವ ಸಣ್ಣ ದೋಣಿಯಲ್ಲಿ ಇಳಿಯಬೇಕು. ಆ ದೋಣಿಗೆ ಆದ್ಯತೆ ಪಡೆದವರೇ ನೂರಾರು ಮಂದಿ ನಿಂತಾಗ ಆ ಸವಲತ್ತಿನಿಂದ ಯಾರಿಗೂ ಲಾಭವಿಲ್ಲ, ಹೊಸಬರಿಗೆ ಮಾತ್ರ ಕಾಯುವ ಶಿಕ್ಷೆ.

ಆದರೆ ಎಲ್ಲ ಸವಲತ್ತುಗಳೂ ಹೀಗಲ್ಲ. ನನ್ನ ಬಟ್ಟೆಯನ್ನು ಉಚಿತವಾಗಿ ಒಗೆದುಕೊಟ್ಟರೆ ನಿಮ್ಮ ಬಟ್ಟೆಗೆ ನಷ್ಟವಿಲ್ಲ. ಹಾಲೆಂಡ್ ಅಮೆರಿಕ ಎಂಬ ಕ್ರೂಸ್ ಕಂಪನಿಯ ಮೇಲಿನ ದರ್ಜೆಗಳವರಿಗೆ ಲಾಂಡ್ರಿ ಉಚಿತ. ಎರಡು, ಮೂರು ವಾರ ಸಮುದ್ರದಲ್ಲಿರುವವರಿಗೆ ಅದರ ಬೆಲೆ ಗೊತ್ತು, ಮನೆಯಿಂದ ತರುವ ಪೆಟ್ಟಿಗೆಯೇ ಹಗುರವಾಗುತ್ತದೆ. ರಾಯಲ್ ಕೆರಿಬಿಯನ್ ಕೂಡ ಇಂಥದ್ದೇ ಒಂದು ಜಾಣ ಬದಲಾವಣೆ ಮಾಡಿದೆ. ಹಿಂದೆ ಡೈಮಂಡ್ ದರ್ಜೆಯವರಿಗೆ ಸಂಜೆ ಲಾಂಜ್‌ನಲ್ಲಿ ಪಾನೀಯ ಉಚಿತವಿತ್ತು, ಲಾಂಜ್ ಕಿಕ್ಕಿರಿಯುತ್ತಿತ್ತು. ಈಗ ದಿನಕ್ಕೆ ನಾಲ್ಕು ಪಾನೀಯಗಳ ವೋಚರ್ ಅವರ ಕಾರ್ಡ್‌ನಲ್ಲೇ ಇರುತ್ತದೆ, ಹಡಗಿನ ಯಾವ ಬಾರ್‌ನಲ್ಲಾದರೂ ಯಾವ ಹೊತ್ತಿಗಾದರೂ ಬಳಸಬಹುದು. ಜನ ಚದುರಿದರು, ಸವಲತ್ತು ಉಳಿಯಿತು. ಕಂಪನಿಗಳು ಹೋಗಬೇಕಾದ ದಾರಿ ಇದು: ಹಂಚಿದಷ್ಟೂ ಕುಗ್ಗುವ ಸವಲತ್ತುಗಳನ್ನು ಕಡಿಮೆ ಮಾಡಿ, ಹಂಚಿದರೂ ಕುಗ್ಗದಂಥವನ್ನು ಹೆಚ್ಚಿಸಬೇಕು. ಮದ್ಯ ಮುಟ್ಟದ ಮನೆಯವರಿಗೆ ಆ ವೋಚರ್ ಬದಲು ಇಂಟರ್ನೆಟ್ ಅಥವಾ ಲಾಂಡ್ರಿ ಆರಿಸಿಕೊಳ್ಳುವ ಅವಕಾಶವನ್ನೂ ಕೊಡಬೇಕು.

ಖರ್ಚಿಗೆ ಬೇರೆ ಲೆಕ್ಕ ಎಂದೆನಲ್ಲ, ಅದಕ್ಕೂ ಹಾಲೆಂಡ್ ಅಮೆರಿಕದಲ್ಲೇ ದಾರಿ ಕಾಣುತ್ತದೆ. ಅಲ್ಲಿ ದರ್ಜೆಯ ಲೆಕ್ಕಕ್ಕೆ ಪ್ರಯಾಣದ ದಿನಗಳ ಜೊತೆಗೆ ಹಡಗಿನಲ್ಲಿ ಮಾಡುವ ಪ್ರತಿ 300 ಡಾಲರ್ ಖರ್ಚಿಗೆ ಒಂದು ದಿನ ಸೇರುತ್ತದೆ. ಆದರೆ ಗೌರವದ ಪದಕಗಳಿಗೆ ನಿಜವಾಗಿ ಹಡಗಿನಲ್ಲಿ ಕಳೆದ ದಿನಗಳು ಮಾತ್ರ ಲೆಕ್ಕ: 100 ದಿನಕ್ಕೆ ಕಂಚು, 300ಕ್ಕೆ ಬೆಳ್ಳಿ, 500ಕ್ಕೆ ಚಿನ್ನ. ಹಣದಿಂದ ಸವಲತ್ತು ಬೇಗ ಬರಬಹುದು, ಪದಕ ಬರುವುದಿಲ್ಲ. ಈ ವ್ಯತ್ಯಾಸವನ್ನು ಉಳಿಸಿಕೊಂಡವರು ಹಳೆಯ ಪ್ರಯಾಣಿಕನ ಮನಸ್ಸನ್ನು ಅರ್ಥಮಾಡಿಕೊಂಡಿದ್ದಾರೆ.

ಗಳಿಸಿದ ದರ್ಜೆ ಶಾಶ್ವತವಾಗಿರಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ 2020 ಕೂಡ ಕಾರಣ. ಆ ಮಾರ್ಚ್‌ನಲ್ಲಿ ಹಡಗುಗಳೆಲ್ಲ ನಿಂತವು. ಅಮೆರಿಕದ ಬಂದರಿನಿಂದ ದೊಡ್ಡ ಹಡಗೊಂದು ಮತ್ತೆ ಪ್ರಯಾಣಿಕರನ್ನು ಹೊತ್ತು ಹೊರಟದ್ದು 2021ರ ಜೂನ್‌ನಲ್ಲಿ. ಆದಾಯ ಬಹುತೇಕ ಬತ್ತಿದ್ದ ಆ ತಿಂಗಳುಗಳಲ್ಲಿ, ರದ್ದಾದ ಪ್ರಯಾಣದ ಹಣವನ್ನು ವಾಪಸ್ ಕೇಳದೆ ಮುಂದಿನ ಪ್ರಯಾಣಕ್ಕೆ ಜಮೆಯಾಗಿ ಬಿಟ್ಟವರಲ್ಲಿ ಹಳೆಯ ಪ್ರಯಾಣಿಕರು ಬಹಳ ಮಂದಿ. ಕಷ್ಟಕಾಲದಲ್ಲಿ ಹೆಗಲು ಕೊಟ್ಟವರಿಗೆ, ಸುಖಕಾಲ ಬಂದಾಗ "ಎರಡು ವರ್ಷಕ್ಕೊಮ್ಮೆ ಮತ್ತೆ ಸಾಬೀತು ಮಾಡಿ" ಎನ್ನುವುದು ಒಳ್ಳೆಯ ವ್ಯಾಪಾರವೂ ಅಲ್ಲ, ಒಳ್ಳೆಯ ನಡತೆಯೂ ಅಲ್ಲ.

ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಮಕ್ಕಳು ಅವರನ್ನು ಮಯಾಮಿಯಿಂದಲೋ ಗ್ಯಾಲ್ವೆಸ್ಟನ್‌ನಿಂದಲೋ ಹಡಗು ಹತ್ತಿಸುವುದು ಸಾಮಾನ್ಯ. ಕ್ರೌನ್ ಅಂಡ್ ಆ್ಯಂಕರ್ ನಿಯಮದಲ್ಲಿ ಒಂದೇ ವಿಳಾಸದ ಪತಿ ಪತ್ನಿಯರು ಮತ್ತು 18 ವರ್ಷದೊಳಗಿನ ಮಕ್ಕಳು ದರ್ಜೆಯನ್ನು ಹಂಚಿಕೊಳ್ಳಬಹುದು. ತಂದೆ ತಾಯಿಗೆ ಆ ಅವಕಾಶವಿಲ್ಲ. ಮಗಳು ಡೈಮಂಡ್ ಸಾಲಿನಲ್ಲಿ ಹತ್ತಿದರೆ, ಮಂಡಿನೋವಿನ ಅಮ್ಮ ಸಾಮಾನ್ಯ ಸಾಲಿನಲ್ಲಿ ನಿಲ್ಲಬೇಕು. ಹಾಗೆ ಬಿಟ್ಟು ಹೋಗುವ ಮಗಳು ಯಾರಿದ್ದಾಳೆ? ಅವಳೂ ಅಮ್ಮನ ಜೊತೆಯೇ ನಿಲ್ಲುತ್ತಾಳೆ, ಸವಲತ್ತು ಕಾಗದದಲ್ಲೇ ಉಳಿಯುತ್ತದೆ. ಒಂದೇ ಬುಕಿಂಗ್‌ನಲ್ಲಿ ಜೊತೆಯಾಗಿ ಬಂದ ಹೆತ್ತವರಿಗೆ ಆ ಪ್ರಯಾಣದ ಮಟ್ಟಿಗಾದರೂ ದರ್ಜೆ ಹಂಚುವುದು ಕಂಪನಿಗೆ ದೊಡ್ಡ ಹೊರೆಯಲ್ಲ. ಹೀಗೆ ಆಗಬೇಕೆಂದು ಪ್ರತಿ ಪ್ರಯಾಣದ ಕೊನೆಯ ಅಭಿಪ್ರಾಯ ಪತ್ರದಲ್ಲಿ ಬರೆಯಿರಿ, ನಮ್ಮವರು ಹೆಚ್ಚಾಗಿ ಅದನ್ನು ತುಂಬುವುದೇ ಇಲ್ಲ.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಬುಕ್ ಮಾಡುವಾಗಲೇ ಎಲ್ಲರ ಸದಸ್ಯತ್ವ ಸಂಖ್ಯೆ ಸೇರಿಸಿ, ಮನೆಗೆ ಬಂದ ಮೇಲೆ ರಾತ್ರಿಗಳು ಜಮೆಯಾಗಿವೆಯೇ ನೋಡಿ. ರಾಯಲ್ ಕೆರಿಬಿಯನ್‌ನಲ್ಲಿ ನಿಮಗೆ ದರ್ಜೆ ಇದ್ದರೆ, ಅದೇ ಸಮೂಹದ ಸೆಲೆಬ್ರಿಟಿ ಮತ್ತು ಸಿಲ್ವರ್‌ಸೀ ಹಡಗುಗಳಲ್ಲೂ 2024ರಿಂದ ಸಮಾನ ದರ್ಜೆ ಸಿಗುತ್ತದೆ. ಖರ್ಚಿನ ಪದ್ಧತಿಗೆ ಹೊರಳಿದ ಕಂಪನಿಯಲ್ಲೇ ನಿಮ್ಮ ಹಳೆಯ ರಾತ್ರಿಗಳಿದ್ದರೆ, ದರ್ಜೆ ಉಳಿಸಿಕೊಳ್ಳುವುದಕ್ಕಾಗಿ ಒಂದು ಡಾಲರನ್ನೂ ಹೆಚ್ಚು ಖರ್ಚು ಮಾಡಬೇಡಿ. ನಿಮಗೆ ಇಷ್ಟವಾದ ಬಂದರುಗಳಿಗೆ, ಒಗ್ಗುವ ಬೆಲೆಗೆ ಯಾವ ಹಡಗು ಹೋಗುತ್ತದೆಯೋ ಅದನ್ನು ಹತ್ತಿ.