ಭದ್ರಾ ಹಿನ್ನೀರಿಗೆ ಮರಳುವ ನದಿ ರೀವಗಳು: ಅಧ್ಯಯನ ಟಿಪ್ಪಣಿ

ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿಗೆ, ಸಂಕ್ರಾಂತಿ ಕಳೆದು ಬಿಸಿಲು ಬಲಿಯತೊಡಗಿದಾಗ, ನದಿ ರೀವ (ರಿವರ್ ಟರ್ನ್) ಎಂಬ ನೀರಹಕ್ಕಿಗಳು ಸಂತಾನಕ್ಕಾಗಿ ಗುಂಪುಗೂಡುತ್ತವೆ. ಹಕ್ಕಿಗಳು ಮರಳುವ ಕಾಲವನ್ನು ನಾವು ಸಾಮಾನ್ಯವಾಗಿ ಪಂಚಾಂಗದಲ್ಲಿ ಹುಡುಕುತ್ತೇವೆ. ಇಲ್ಲಿ ಅದನ್ನು ಜಲಾಶಯದ ಮಟ್ಟದಲ್ಲಿಯೂ ಹುಡುಕಬೇಕು.

ಈ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ನೀರು ತುಂಬಿದಾಗ, ಹಿಂದೆ ಗುಡ್ಡಗಳ ನೆತ್ತಿಯಾಗಿದ್ದ ದಿಬ್ಬಗಳು ಮುಳುಗುತ್ತವೆ. ಮುಂದೆ ನಾಲೆಗಳಿಗೆ ನೀರು ಹರಿಸಿದಂತೆಲ್ಲ ಮಟ್ಟ ಇಳಿದು, ಅವು ಕಲ್ಲುಮಣ್ಣಿನ ಬೋಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ರೀವ ಮರದಲ್ಲಿ ಗೂಡು ಕಟ್ಟುವ ಹಕ್ಕಿಯಲ್ಲ. ನೆಲದಲ್ಲಿ ಕೆದರಿ ಮಾಡಿದ ತಗ್ಗೇ ಅದರ ಗೂಡು. ಮೊಟ್ಟೆಗಳ ಮೇಲಿನ ಕಂದು ಮಚ್ಚೆಗಳು ಅವನ್ನು ಸುತ್ತಲಿನ ಕಲ್ಲುಗಳೊಡನೆ ಬೆರೆಸಿ ಮರೆಮಾಡುತ್ತವೆ. ನೆಲದ ಮೇಲಿನ ಗೂಡಿಗೆ ನರಿ, ಮುಂಗುಸಿಗಳ ಭಯ ಹೆಚ್ಚಾದ್ದರಿಂದ ಸುತ್ತಲೂ ನೀರಿರುವ ತಾಣವೇ ಅದಕ್ಕೆ ರಕ್ಷಣೆ. ಮಟ್ಟ ಇಳಿಯದಿದ್ದರೆ ಗೂಡಿಗೆ ಜಾಗವಿಲ್ಲ; ತೀರ ಇಳಿದರೆ ನಡುಗಡ್ಡೆ ದಡಕ್ಕೆ ಸೇರಿಬಿಡಬಹುದು. ಹಾಗಾಗಿ ಟಿಪ್ಪಣಿ ಪುಸ್ತಕದಲ್ಲಿ ತಾರೀಕಿನ ಪಕ್ಕಕ್ಕೆ, ದಿನಪತ್ರಿಕೆಗಳಲ್ಲಿ ಪ್ರಕಟವಾಗುವ ಅಂದಿನ ಜಲಾಶಯ ಮಟ್ಟವನ್ನೂ ತಪ್ಪದೆ ಬರೆದುಕೊಳ್ಳಿ. ನನ್ನ ಮಟ್ಟಿಗೆ ಹಕ್ಕಿಗಳ ಎಣಿಕೆಯಷ್ಟೇ ಬೆಲೆಯುಳ್ಳ ಅಂಕಿ ಅದು.

ಗುರುತಿಸುವುದು ಕಷ್ಟವಲ್ಲ. ಬೂದು ಮೈ, ಕವಲೊಡೆದ ಬಾಲ, ಕೆಂಪು ಕಾಲು, ಗಾಢ ಹಳದಿ ಕೊಕ್ಕು. ಸಂತಾನದ ಕಾಲದಲ್ಲಿ ನೆತ್ತಿ ಅಚ್ಚ ಕಪ್ಪಾಗುತ್ತದೆ. ಉಳಿದ ಕಾಲದಲ್ಲಿ ಆ ಕಪ್ಪು ಮಾಸಿ, ಕೊಕ್ಕಿನ ತುದಿ ಕಪ್ಪಾಗಿರುತ್ತದೆ.

ನಾನು ಹೆಚ್ಚು ಹೊತ್ತು ನೋಡಬಯಸುವುದು ಜೋಡಿಗಳ ನಡವಳಿಕೆಯನ್ನು. ಗಂಡು ನೀರಿಗೆ ಧುಮುಕಿ ಹಿಡಿದ ಮೀನನ್ನು ಕೊಕ್ಕಿನಲ್ಲಿಟ್ಟುಕೊಂಡು ಬಂದು ಹೆಣ್ಣಿಗೆ ಒಪ್ಪಿಸುವ ದೃಶ್ಯ ಕಂಡರೆ, ಗೂಡಿನ ಕೆಲಸ ಹತ್ತಿರವಾಗಿದೆಯೆಂದು ತಿಳಿಯಬಹುದು. ಮೊಟ್ಟೆಯಿಟ್ಟ ಮೇಲೆ, ಮಟಮಟ ಮಧ್ಯಾಹ್ನ ಕಲ್ಲು ಕಾದಿರುವಾಗ, ತಾಯಿತಂದೆಯರು ಮೊಟ್ಟೆಗಳಿಗೆ ತಮ್ಮ ಮೈಯನ್ನೇ ನೆರಳಾಗಿಸುತ್ತವೆ. ಕಾವು ಕೊಡುವುದೆಂದರೆ ಬಿಸಿ ಮಾಡುವುದಷ್ಟೇ ಎಂಬ ನಮ್ಮ ತಿಳಿವಳಿಕೆಯನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ.

ಆದ್ದರಿಂದಲೇ ನಡುಗಡ್ಡೆಗೆ ಕಾಲಿಡಬಾರದು. ನಾವು ಹತ್ತಿರ ಹೋದರೆ ಹಕ್ಕಿಗಳು ಎದ್ದು ಹಾರುತ್ತವೆ, ನೆರಳು ತಪ್ಪಿದ ಮೊಟ್ಟೆಗಳು ಬಿಸಿಲಿಗೆ ಕೆಡುತ್ತವೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ. ದೋಣಿಯಲ್ಲಿದ್ದೇ ದುರ್ಬೀನಿನಿಂದ ನೋಡಿ; ಗುಂಪೆಲ್ಲ ಒಮ್ಮೆಲೇ ಎದ್ದು ತಲೆಯ ಮೇಲೆ ಕೂಗುತ್ತ ಸುತ್ತತೊಡಗಿದರೆ, ದೋಣಿಯನ್ನು ತಕ್ಷಣ ಹಿಂದಕ್ಕೆ ತಿರುಗಿಸುವಂತೆ ಅಂಬಿಗರಿಗೆ ಹೇಳಿ.