‘ದುಃಖ’ದ ನಡುವಿನ ಎರಡು ಚುಕ್ಕಿ

ಅರ್ಜಿ, ಸುತ್ತೋಲೆ, ಶ್ರದ್ಧಾಂಜಲಿ ಪತ್ರ, ಯಾವುದನ್ನು ತೆರೆದರೂ ‘ದು:ಖ’, ‘ಅಂತ:ಕರಣ’ ಎಂಬ ರೂಪಗಳು ಸಿಗುತ್ತವೆ. ನಡುವೆ ಕೂತಿರುವುದು ವಿಸರ್ಗವಲ್ಲ, ಕೋಲನ್. ಅಚ್ಚಾದ ಹಾಳೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಆದರೆ ಕಂಪ್ಯೂಟರ್ ಗುರುತಿಸುವುದು ಆಕಾರವನ್ನಲ್ಲ, ಸಂಕೇತ ಸಂಖ್ಯೆಯನ್ನು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ ವಿಸರ್ಗ 0ಸಿ83, ಕೋಲನ್ 003ಎ. ಹಾಗಾಗಿ ‘ದುಃಖ’ ಎಂದು ಸರಿಯಾಗಿ ಹುಡುಕಿದವರಿಗೆ ಕೋಲನ್ ಹಾಕಿದ ಪದ ಸಿಗುವುದಿಲ್ಲ, ಅಕಾರಾದಿ ಪಟ್ಟಿಯಲ್ಲೂ ಅದು ತನ್ನ ಜಾಗ ತಪ್ಪುತ್ತದೆ.

ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿ ಎಚ್ ಹೊಡೆದರೆ ವಿಸರ್ಗ ಬರುತ್ತದೆ. ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಜೊತೆ ಹೈಫನ್ ಕೀಲಿ. ಹಳೆಯ ಕಡತ ತಿದ್ದುವಾಗ ಮಾತ್ರ ಎಚ್ಚರ ಬೇಕು. ಎಲ್ಲ ಕೋಲನ್‌ಗಳನ್ನೂ ಒಟ್ಟಿಗೆ ಬದಲಿಸಿದರೆ ‘ದಿನಾಂಕ:’, ‘10:30’ ಎಲ್ಲಕ್ಕೂ ವಿಸರ್ಗ ಅಂಟಿಕೊಳ್ಳುತ್ತದೆ. ‘ದು:ಖ’ ಎಂಬ ಇಡೀ ಪದವನ್ನೇ ಹುಡುಕಿ ಬದಲಿಸಬೇಕು. ಹೀಗೆ ಒಂದೊಂದೇ ಪದ.

ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ (೦) ಒತ್ತುವುದೂ ಇದೇ ಜಾತಿಯ ತಪ್ಪು. ವಚನ, ಶ್ಲೋಕಗಳ ಕೊನೆಗೆ ಬರುವ ದಂಡದ ಕಥೆಯೂ ಅಷ್ಟೇ. ಅದರ ಜಾಗಕ್ಕೆ ಕೀಲಿಮಣೆಯ ನೆಟ್ಟಗಿನ ಗೆರೆ (|) ಹಾಕುತ್ತಾರೆ. ನಿಜವಾದ ದಂಡ ಯೂನಿಕೋಡ್‌ನ ದೇವನಾಗರಿ ವಿಭಾಗದಲ್ಲಿದೆ, ಕನ್ನಡಕ್ಕೂ ಅದನ್ನೇ ಬಳಸಬೇಕು. ವಿಂಡೋಸ್‌ನ ವರ್ಡ್‌ನಲ್ಲಿ 0964 ಎಂದು ಟೈಪಿಸಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ದಂಡ (।), 0965ಕ್ಕೆ ಜೋಡಿ ದಂಡ (॥).

ಇನ್ನು ಅಲ್ಪವಿರಾಮ. ‘ಅಕ್ಕಿ , ಬೇಳೆ’ ಎಂದು ಚಿಹ್ನೆಯ ಹಿಂದೆ ಜಾಗ ಬಿಡುವುದು ಬರೀ ಅಂದಗೇಡಲ್ಲ. ತಂತ್ರಾಂಶ ಸಾಲು ಮುರಿಯುವುದು ಖಾಲಿ ಜಾಗದಲ್ಲಿ. ಆ ಪದ ಸಾಲಿನ ಅಂಚಿಗೆ ಬಂದರೆ ಅಲ್ಪವಿರಾಮವೊಂದೇ ಮುಂದಿನ ಸಾಲಿನ ಮೊದಲಿಗೆ ಹೋಗಿ ಕೂರುತ್ತದೆ. ಚಿಹ್ನೆ ಪದಕ್ಕೆ ತಾಗಿರಲಿ, ಜಾಗ ಅದರ ನಂತರ, ಒಂದೇ ಒಂದು.

ಉದ್ಧರಣ ಚಿಹ್ನೆ ತಿರುಗುಮುರುಗಾಗುವುದಕ್ಕೂ ಖಾಲಿ ಜಾಗವೇ ಕಾರಣ. ಹಿಂದೆ ಜಾಗವಿದ್ದರೆ ತೆರೆಯುವ ಚಿಹ್ನೆ, ಅಕ್ಷರವಿದ್ದರೆ ಮುಚ್ಚುವ ಚಿಹ್ನೆ ಎಂದು ವರ್ಡ್ ಊಹಿಸುತ್ತದೆ. ಮಾತು ಮುಗಿದ ಮೇಲೆ ಜಾಗ ಬಿಟ್ಟು ಚಿಹ್ನೆ ಒತ್ತಿದಿರೋ, ತೆರೆಯುವುದೇ ಬರುತ್ತದೆ. ಜಾಗ ಅಳಿಸಿ ಮತ್ತೆ ಒತ್ತಿದರೆ ಸರಿಯಾಗುತ್ತದೆ.

‘ಡಾ.’ ಸಾಲಿನ ಕೊನೆಯಲ್ಲೂ ಹೆಸರು ಮುಂದಿನ ಸಾಲಿನಲ್ಲೂ ಉಳಿಯಬಾರದೆಂದರೆ ವರ್ಡ್‌ನಲ್ಲಿ ಚುಕ್ಕಿಯ ನಂತರ ಕಂಟ್ರೋಲ್, ಶಿಫ್ಟ್ ಹಿಡಿದು ಸ್ಪೇಸ್ ಒತ್ತಿ. ಅಲ್ಲಿ ಸಾಲು ಮುರಿಯುವುದಿಲ್ಲ. ‘5 ಕಿ.ಮೀ.’, ‘ರೂ. 500’ ಬರೆಯುವಾಗಲೂ ಇದೇ ಜಾಗ ಬಳಸಿ.