ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಪದೇ ಪದೇ ಕಡಿದುಹೋಗುವುದೇಕೆ?

ಸಿಗ್ನಲ್ ಪೂರ್ತಿ ಇದ್ದರೂ ಪುಟ ತೆರೆಯದಿರುವುದು, ಮುಚ್ಚಳ ಮುಚ್ಚಿ ತೆರೆದ ಮೇಲೆ ಸಂಪರ್ಕವೇ ಸಿಗದಿರುವುದು, ಹತ್ತು ನಿಮಿಷಕ್ಕೊಮ್ಮೆ ಕಡಿದು ಮತ್ತೆ ಕೂಡಿಕೊಳ್ಳುವುದು: ಲಿನಕ್ಸ್ ಬಳಸುವವರಿಗೆ ಈ ದೂರುಗಳು ಹಳೆಯವು. ಹೊರಗೆ ಕಾಣುವ ಲಕ್ಷಣ ಅಂದಿನಿಂದ ಇಂದಿನವರೆಗೆ ಒಂದೇ ಆಗಿದ್ದರೂ ಅದರ ಕಾರಣ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಆದ್ದರಿಂದಲೇ ಹದಿನೈದು ವರ್ಷಗಳ ಹಿಂದೆ ಫಲ ಕೊಟ್ಟ ಆದೇಶವನ್ನು ಇಂದು ಹಾಗೆಯೇ ಟೈಪಿಸಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ.

ವೈಫೈಗೆ ಆಧಾರವಾದ 802.11 ಮಾನದಂಡ 1997ರಲ್ಲಿ ಪ್ರಕಟವಾಯಿತು. 2003ರ ಹೊತ್ತಿಗೆ ಲ್ಯಾಪ್‌ಟಾಪ್‌ಗಳೊಳಗೆ ವೈಫೈ ಕಾರ್ಡ್ ಇರುವುದು ಸಾಮಾನ್ಯವಾಗತೊಡಗಿತಾದರೂ, ಅನೇಕ ಚಿಪ್ ತಯಾರಕರು ವಿಂಡೋಸ್‌ಗೆ ಮಾತ್ರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಟ್ಟು, ಚಿಪ್ಪಿನ ಒಳವಿವರಗಳನ್ನು ತಮ್ಮಲ್ಲೇ ಇಟ್ಟುಕೊಂಡರು. ರೇಡಿಯೊ ಪ್ರಸಾರದ ಶಕ್ತಿಗೂ ಚಾನೆಲ್‌ಗಳಿಗೂ ಪ್ರತಿ ದೇಶದಲ್ಲಿ ಕಾನೂನಿನ ಮಿತಿಯಿದೆ, ಡ್ರೈವರ್‌ನ ಮೂಲಸಂಕೇತ (ಸೋರ್ಸ್ ಕೋಡ್) ಬಯಲಾದರೆ ಆ ಮಿತಿಯನ್ನು ಯಾರು ಬೇಕಾದರೂ ಮೀರಬಹುದು ಎಂಬುದು ಅವರು ಮುಂದಿಟ್ಟ ಒಂದು ವಾದ. ಬೇರೆ ದಾರಿ ಕಾಣದೆ ಬಳಕೆದಾರರು ಎನ್‌ಡಿಐಎಸ್‌ವ್ರ್ಯಾಪರ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್ ಡ್ರೈವರನ್ನೇ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗೆ ಓಡಿಸಿದರು. ಅದು ಕೆಲಸವನ್ನೇನೋ ಮಾಡುತ್ತಿತ್ತು, ಆದರೆ ಕೈಕೊಟ್ಟಾಗ ತಪ್ಪೆಲ್ಲಿದೆ ಎಂದು ಹುಡುಕಲು ಮೂಲಸಂಕೇತವೇ ಯಾರ ಬಳಿಯೂ ಇರಲಿಲ್ಲ.

ಬ್ರಾಡ್‌ಕಾಮ್ ಚಿಪ್‌ಗಳಿಗೆ ಸ್ವಯಂಸೇವಕರು ಡ್ರೈವರ್ ಬರೆದ ಬಗೆಯನ್ನು ಇಲ್ಲಿ ನೆನೆಯಲೇಬೇಕು. ಒಂದು ತಂಡ ಇದ್ದ ಡ್ರೈವರನ್ನು ಬಿಡಿಸಿ ನೋಡಿ ಚಿಪ್ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿವರಣೆಯನ್ನು ಬರೆಯಿತು. ಮೂಲವನ್ನು ಕಣ್ಣಿನಿಂದಲೂ ನೋಡದ ಇನ್ನೊಂದು ತಂಡ ಆ ವಿವರಣೆಯೊಂದನ್ನೇ ಓದಿ ಹೊಸ ಡ್ರೈವರ್ ಬರೆಯಿತು. ಹೀಗೆ ಹುಟ್ಟಿದ ಡ್ರೈವರ್ 2006ರಲ್ಲಿ ಕರ್ನೆಲ್ 2.6.17ರೊಳಗೆ ಸೇರಿತು. ಮರುವರ್ಷ ಬಂದ 2.6.22ರಲ್ಲಿ ಮ್ಯಾಕ್80211 ಎಂಬ ಸಮಾನ ಪದರ ಸೇರಿದ್ದು ನನ್ನ ಲೆಕ್ಕದಲ್ಲಿ ಈ ಇತಿಹಾಸದ ಬಹುಮುಖ್ಯ ತಿರುವು, ಏಕೆಂದರೆ ರೂಟರ್‌ಗೆ ಜೋಡಿಸಿಕೊಳ್ಳುವ ಮತ್ತು ಬಿಡಿಸಿಕೊಳ್ಳುವ ಕೆಲಸವನ್ನು ಪ್ರತಿ ಡ್ರೈವರ್ ತನ್ನದೇ ರೀತಿಯಲ್ಲಿ ಮಾಡುವ ಬದಲು ಅನೇಕ ಡ್ರೈವರ್‌ಗಳು ಒಂದೇ ಸಂಕೇತವನ್ನು ಹಂಚಿಕೊಳ್ಳುವಂತಾಯಿತು. 2008ರಲ್ಲಿ ಅಥೆರೋಸ್, 2010ರಲ್ಲಿ ಬ್ರಾಡ್‌ಕಾಮ್ ತಾವೇ ಮುಕ್ತ (ಮೂಲಸಂಕೇತ ಎಲ್ಲರಿಗೂ ತೆರೆದಿರುವ) ಡ್ರೈವರ್‌ಗಳನ್ನು ಬಿಡುಗಡೆ ಮಾಡಿದವು.

ಈ ಸಮಾನ ಪದರದ ಪ್ರಯೋಜನವನ್ನು ಇಂದು ಸಾಮಾನ್ಯ ಬಳಕೆದಾರರೂ ಪಡೆಯಬಹುದು. ಸಂಪರ್ಕ ಕಡಿದ ಕೂಡಲೇ ಕರ್ನೆಲ್ ಬರೆದಿಡುವ ದಾಖಲೆಯಾದ ಕರ್ನೆಲ್ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಬೇಕು. ಅಲ್ಲಿ ‘ಡಿಆಥೆಂಟಿಕೇಟಿಂಗ್’ ಎಂದಿದ್ದು, ಜೊತೆಗೆ ‘ಬೈ ಲೋಕಲ್ ಚಾಯ್ಸ್’ ಎಂಬ ಮಾತಿದ್ದರೆ ಲ್ಯಾಪ್‌ಟಾಪ್ ತಾನಾಗಿಯೇ ಸಂಪರ್ಕ ಬಿಟ್ಟಿದೆ. ‘ಡಿಆಥೆಂಟಿಕೇಟೆಡ್’ ಎಂದಿದ್ದರೆ ಹೊರಹೋಗಲು ಹೇಳಿದ್ದು ರೂಟರ್. ಪದದ ಬಾಲದಲ್ಲಷ್ಟೇ ಇರುವ ಈ ವ್ಯತ್ಯಾಸ ಎಷ್ಟೋ ದಿನಗಳ ಹುಡುಕಾಟವನ್ನು ಉಳಿಸುತ್ತದೆ. ಎರಡನೆಯ ಸಂದರ್ಭದಲ್ಲಿ ಲ್ಯಾಪ್‌ಟಾಪನ್ನು ಕೆದಕುವ ಮೊದಲು ರೂಟರ್‌ನ ಸೆಟ್ಟಿಂಗ್‌ಗಳನ್ನು ನೋಡುವುದು ಸರಿ.

ಡ್ರೈವರ್‌ಗಳು ಸುಧಾರಿಸಿದ ಮೇಲೂ ಉಳಿದುಕೊಂಡ ದೊಡ್ಡ ತೊಂದರೆ ವಿದ್ಯುತ್ ಉಳಿತಾಯದ್ದು. ಬ್ಯಾಟರಿ ಉಳಿಸಲು ವೈಫೈ ಕಾರ್ಡ್ ನಡುನಡುವೆ ನಿದ್ದೆ ಮಾಡುತ್ತದೆ. ಅಷ್ಟು ಹೊತ್ತು ಅದಕ್ಕೆ ಬಂದ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ರೂಟರ್ ತನ್ನಲ್ಲಿ ಇಟ್ಟುಕೊಂಡು, ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಹೊರಡಿಸುವ ಬೀಕನ್ ಎಂಬ ಪ್ರಕಟಣೆಯಲ್ಲಿ ‘ನಿನಗೆ ಪ್ಯಾಕೆಟ್ ಇದೆ’ ಎಂದು ಸಾರುತ್ತದೆ. ಕಾರ್ಡ್ ಸರಿಯಾದ ಹೊತ್ತಿಗೆ ಎಚ್ಚರಗೊಳ್ಳದಿದ್ದರೆ ಪ್ಯಾಕೆಟ್‌ಗಳು ಕಾಯುತ್ತವೆ ಅಥವಾ ಕಳೆದುಹೋಗುತ್ತವೆ. ಇದನ್ನು ಪರೀಕ್ಷಿಸಲು ಅಂತರಜಾಲದ ಯಾವುದೋ ತಾಣಕ್ಕೆ ಹೋಗದೆ ನೇರವಾಗಿ ರೂಟರ್‌ಗೇ ಪಿಂಗ್ (ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪುಟ್ಟ ಸಂದೇಶ) ಕಳಿಸಬೇಕು. ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕಾದ ಉತ್ತರ ಆಗಾಗ ನೂರನ್ನು ದಾಟುತ್ತಿದ್ದು, ಉಳಿತಾಯವನ್ನು ನಿಲ್ಲಿಸಿದೊಡನೆ ಕೆಳಗಿಳಿದರೆ ಕಾರಣ ಸಿಕ್ಕಂತೆಯೇ. ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ನ ಸೆಟ್ಟಿಂಗ್‌ಗಳಲ್ಲಿ ವೈಫೈ ಪವರ್‌ಸೇವ್‌ನ ಮೌಲ್ಯವನ್ನು 2 ಎಂದು ಬರೆದರೆ ಅದು ಕಾಯಂ ಆಗಿ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗಬಹುದು.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ವೇಗ ಕುಸಿಯುತ್ತಿದ್ದರೆ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿವೆ ಎಂದರ್ಥ, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೆ ಸಾಕು.

ಇನ್ನೂ ಬಯಲಾಗದೆ ಉಳಿದಿರುವುದು ಫರ್ಮ್‌ವೇರ್. ಡ್ರೈವರ್ ಮುಕ್ತವಾದರೂ ಚಿಪ್ಪಿನ ಒಳಗೆ ಓಡುವ ಈ ಸಂಕೇತ ಬಹುಪಾಲು ತಯಾರಕರ ಗುಟ್ಟಾಗಿಯೇ ಇದೆ. ಅದನ್ನು ಹಂಚಬೇಕೇ ಬೇಡವೇ ಎಂಬ ಚರ್ಚೆ ಲಿನಕ್ಸ್‌ನ ಒಂದು ವಿತರಣೆಯಾದ ಡೆಬಿಯನ್‌ನ ಸಮುದಾಯದಲ್ಲಿ ಬಹುಕಾಲ ನಡೆದು, 2022ರ ಮತದಾನದ ನಂತರ, 2023ರಲ್ಲಿ ಬಂದ ಡೆಬಿಯನ್ 12ರ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಸೇರಿತು. ಅಲ್ಲಿಯವರೆಗೆ ಎಷ್ಟೋ ಹೊಸಬರು ವೈಫೈ ಫರ್ಮ್‌ವೇರ್ ಇಳಿಸಿಕೊಳ್ಳಲು ವೈಫೈಯೇ ಇಲ್ಲದೆ ಕೂರಬೇಕಾಗಿತ್ತು. ಲಾಗ್‌ನಲ್ಲಿ ಫರ್ಮ್‌ವೇರ್ ಕುಸಿದ ಸಾಲುಗಳು ಕಂಡರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಹೊಸದಾಗಿಸಬೇಕು. ಹೊಸದರಿಂದಲೇ ತೊಂದರೆ ಶುರುವಾಗಿದ್ದರೆ ಇಂಟೆಲ್ ಕಾರ್ಡ್‌ಗಳಲ್ಲಿ ಒಂದು ಅನುಕೂಲವಿದೆ: ಅವುಗಳ ಡ್ರೈವರ್ ತಾನು ಬಲ್ಲ ಅತಿ ಹೊಸ ಆವೃತ್ತಿಯಿಂದ ಆರಂಭಿಸಿ ಒಂದೊಂದಾಗಿ ಹಿಂದಕ್ಕೆ ಹುಡುಕುತ್ತದೆ. ಆದ್ದರಿಂದ ತೊಂದರೆ ಕೊಡುವ ಕಡತವನ್ನು ಬೇರೆಡೆಗೆ ಸರಿಸಿ ಲ್ಯಾಪ್‌ಟಾಪನ್ನು ಮರುಚಾಲನೆ ಮಾಡಿದರೆ, ಅದರ ಹಿಂದಿನ ಆವೃತ್ತಿ ಇದ್ದಲ್ಲಿ, ಅದೇ ತಾನಾಗಿ ಲೋಡ್ ಆಗುತ್ತದೆ.